ಹತ್ತು ಸಾಲು, ಇಪ್ಪತ್ತು ಮಡಿ

ಸುರೇಬಾನದಿಂದ ರಾಮದುರ್ಗದ ಕಡೆ ಹೋಗುವಾಗ ಎಡಕ್ಕೆ ತಂತಿಬೇಲಿ ಹಾಕಿದ ಒಂದು ಎರೆಹೊಲ ಸಿಗುತ್ತದೆ. ಬೀಜದ ಕಂಪನಿಯೊಂದು ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಇಪ್ಪತ್ತೈದು ವರ್ಷವಾಯಿತು. ಊರವರು ಅದನ್ನು ಪ್ಲಾಟು ಎಂದೇ ಕರೆಯುತ್ತಾರೆ. ಹಿಂಗಾರಿ ಬಂತೆಂದರೆ ಅಲ್ಲಿ ಬರೀ ಕಡಲೆ. ಆದರೆ ಊರ ಹೊಲಗಳ ಹಾಗೆ ಒಂದೇ ಸಮನೆ ಬಿತ್ತಿದ ಕಡಲೆಯಲ್ಲ. ಗೇಟಿನಿಂದ ಹಳ್ಳದವರೆಗೆ ಹತ್ತು ಸಾಲು ಮಾಡಿ, ಒಂದೊಂದು ಸಾಲನ್ನು ಗೂಟ ಹೊಡೆದು ಇಪ್ಪತ್ತು ತುಂಡು ಮಾಡಿರುತ್ತಾರೆ. ಒಂದು ತುಂಡೆಂದರೆ ಒಂದು ಮಡಿ. ಇನ್ನೂರು ಮಡಿ, ಮಡಿಗೊಂದು ತಳಿ. ಗಿಡ ಹೂವಿಗೆ ಬರುವ ಹೊತ್ತಿಗೆ ಯಾವ ಮಡಿಯಲ್ಲಿ ಎಷ್ಟು ಗಿಡ ಸೊರಗಿ ಒಣಗಿದವು ಎಂದು ಎಣಿಸಬೇಕು. ಕಡಿಮೆ ಒಣಗಿದ ತಳಿ ಮುಂದಿನ ವರ್ಷಕ್ಕೆ ಉಳಿಯುತ್ತದೆ, ಹೆಚ್ಚು ಒಣಗಿದ್ದು ಹೋಗುತ್ತದೆ.

ಎಣಿಸುವವನು ಶಂಕ್ರೆಪ್ಪ. ಹತ್ತೊಂಬತ್ತು ವರ್ಷದಿಂದ ಅವನೊಬ್ಬನೇ. ಉಳಿದ ಹನ್ನೊಂದು ಆಳುಗಳು ಕಳೆ ಕೀಳುತ್ತಾರೆ, ಕೀಟನಾಶಕದ ಎಣ್ಣೆ ಹೊಡೆಯುತ್ತಾರೆ, ಗೂಟ ಬಡಿಯುತ್ತಾರೆ. ಶಂಕ್ರೆಪ್ಪ ಮಾತ್ರ ಲೆಕ್ಕದ ವಹಿ ಹಿಡಿದು ತಿರುಗುತ್ತಾನೆ. ನಾಲ್ಕನೆಯ ಇಯತ್ತೆ ಓದಿದವನು. ಮಡಿಯ ಮುಂದೆ ಬಗ್ಗಿ, ಒಣಗಿದ ಗಿಡಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿ ವಹಿಯಲ್ಲಿ ಒಂದು ಅಂಕಿ ಬರೆಯುತ್ತಾನೆ. ಅದರ ಕೆಳಗೆ ಮುಂದಿನ ಮಡಿಯದು. ಹೀಗೆ ಇನ್ನೂರು ಅಂಕಿ, ಒಂದರ ಕೆಳಗೊಂದು, ನಡುವೆ ಗೆರೆಯಿಲ್ಲ, ಮಡಿಯ ನಂಬರಿಲ್ಲ. ಮೊದಲಿದ್ದ ಸಾಹೇಬರು ಕೃಷ್ಣಾಜಿ ಆ ವಹಿಯನ್ನು ಮುಂದಿಟ್ಟುಕೊಂಡು, ಎರಡು ದಿನ ಕೂತು, ಗ್ರಾಫ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಹೊಲದ ನಕ್ಷೆ ತುಂಬುತ್ತಿದ್ದರು. ಹೈದರಾಬಾದಿನಿಂದ ಬಂದ ದೊಡ್ಡ ಸಾಹೇಬರಿಗೆ ಅವರು ಒಮ್ಮೆ, ಶಂಕ್ರೆಪ್ಪ ಎಣಿಸಿದ್ದನ್ನು ನಾನು ತಿರುಗಿ ಎಣಿಸುವುದಿಲ್ಲ ಎಂದಿದ್ದರು. ಆ ಮಾತನ್ನು ಶಂಕ್ರೆಪ್ಪ ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಹೆಂಡತಿ ಸಾವಂತ್ರೆವ್ವನಿಗೆ ಅದು ಬಾಯಿಪಾಠವಾಗಿತ್ತು. ಊರ ತುದಿಯ ಓಣಿಯವನಾದ ತನ್ನನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ‘ಎಣಿಕಿ ಶಂಕ್ರೆಪ್ಪ’ ಎಂದು ಕರೆದು ಬಾಕಿನ ಮೇಲೆ ಜಾಗ ಕೊಡುತ್ತಿದ್ದುದು ಆ ವಹಿಯ ದೆಸೆಯಿಂದ ಎಂಬುದು ಅವನಿಗೆ ಗೊತ್ತಿತ್ತು. ಅದು ಕೈಬಿಟ್ಟರೆ ತಾನು ಐವತ್ತೆಂಟರ, ಮೊಣಕಾಲು ಹಿಡಿದ ಇನ್ನೊಂದು ಆಳು. ಅಂಥ ಆಳನ್ನು ಯಾವ ಹೊಲದವರೂ ಇಟ್ಟುಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು.

ಅವನ ಮಗಳು ರೇಣು ರಾಮದುರ್ಗದಲ್ಲಿ ಬಿಸಿಎ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಳು. ಕೃಷ್ಣಾಜಿ ನಿವೃತ್ತರಾಗುವ ಮೊದಲು ಅವಳನ್ನು ಪ್ಲಾಟಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹಚ್ಚಿ ಹೋದರು. ಒಂದು ವರ್ಷದ ಕರಾರು. ಮಾರ್ಚಿನಲ್ಲಿ ಸಾಹೇಬರು ಬರೆದುಕೊಟ್ಟರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕೃಷ್ಣಾಜಿಯವರ ಜಾಗಕ್ಕೆ ಸಂಜೀವ ಬಂದ. ಬೈಲಹೊಂಗಲದವನು, ಇನ್ನೂ ಮೂವತ್ತು ದಾಟಿರಲಿಲ್ಲ. ಅವನ ಅಜ್ಜ ಪಾಠಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದವರು; ಮೊಮ್ಮಗನಿಗೂ ದನಿ ಏರಿಸದೆ ಮಾತಾಡುವ ರೂಢಿ ಇತ್ತು. ಕೃಷ್ಣಾಜಿಯವರ ಗ್ರಾಫ್ ಹಾಳೆಗಳನ್ನು ಅವನು ಬಂದ ವಾರವೇ ಕಟ್ಟಿಸಿ ಗೋದಾಮಿಗೆ ಹಾಕಿಸಿದ. ಈ ವರ್ಷದ ನಕ್ಷೆಯನ್ನು ಕಂಪ್ಯೂಟರಿನಲ್ಲೇ ಮಾಡು ಎಂದು ರೇಣುಗೆ ಹೇಳಿದ.

ರೇಣು ಅಪ್ಪನ ವಹಿಯಿಂದ ಇನ್ನೂರು ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದ ಪಟ್ಟಿಯಾಗಿ ಟೈಪು ಮಾಡಿದಳು. ಇನ್ನು ಆ ಪಟ್ಟಿಯನ್ನು ಹತ್ತು ಸಾಲು, ಇಪ್ಪತ್ತು ಮನೆಯ ಚೌಕಕ್ಕೆ ಮಡಚಬೇಕು. ಕಾಲೇಜಿನಲ್ಲಿ ಅದಕ್ಕೆ ರೀಶೇಪ್ ಎಂದು ಕಲಿಸಿದ್ದರು. ಒಂದೇ ಗೆರೆಯ ಕೋಡು ಸಾಕು. ಯಂತ್ರ ಪಟ್ಟಿಯ ಮೊದಲ ಇಪ್ಪತ್ತು ಅಂಕಿಗಳನ್ನು ಎಡದಿಂದ ಬಲಕ್ಕೆ ಮೊದಲ ಸಾಲಿನಲ್ಲಿ ಇಡುತ್ತದೆ. ಮತ್ತೆ ಎಡಕ್ಕೆ ಬಂದು ಮುಂದಿನ ಇಪ್ಪತ್ತನ್ನು ಎರಡನೆಯ ಸಾಲಿನಲ್ಲಿ ಇಡುತ್ತದೆ. ಹೀಗೆ ಹತ್ತರವರೆಗೆ. ಒಂದು ಅಂಕಿ ಕಡಿಮೆ ಬಿದ್ದರೂ, ಒಂದು ಹೆಚ್ಚಾದರೂ ಅದು ಮಡಚುವುದಿಲ್ಲ, ತಪ್ಪಾಗಿದೆ ಎಂದು ಕೆಂಪಕ್ಷರದಲ್ಲಿ ಹೇಳುತ್ತದೆ. ಅಪ್ಪನ ಪಟ್ಟಿ ಮೊದಲ ಸಲಕ್ಕೇ ಮಡಚಿಕೊಂಡಿತು. ರೇಣು ಅಂಕಿಗಳಿಗೆ ಬಣ್ಣ ಕೊಟ್ಟಳು: ಒಣಗಿದ್ದು ಕಡಿಮೆಯಿದ್ದರೆ ಹಸಿರು, ಹೆಚ್ಚಾದಂತೆ ಹಳದಿ, ಕಂದು. ಪರದೆಯ ಮೇಲೆ ಎಡಕ್ಕೆ ಗೇಟು, ಬಲಕ್ಕೆ ಹಳ್ಳ, ನಡುವೆ ಅಪ್ಪ ನಡೆದಾಡಿದ ಹೊಲ. ಸಂಜೀವ ಬಂದು ನಿಂತು ನೋಡಿ, ಛಲೋ ಆಗೇದ ಎಂದ. ಅವತ್ತು ಸಂಜೆ ಅವಳು ಅದರ ಪ್ರಿಂಟು ತೆಗೆದು ಅಪ್ಪನಿಗೆ ಕೊಟ್ಟಳು. ಶಂಕ್ರೆಪ್ಪ ಅದನ್ನು ಚಹಾದಂಗಡಿಗೆ ಒಯ್ದು ಎಲ್ಲರಿಗೂ ತೋರಿಸಿದ. ಎಣಿಸಿದ್ದು ತಾನು, ಬಣ್ಣ ಹಾಕಿದ್ದು ತನ್ನ ಮಗಳು ಎಂದು ಹೇಳಿಕೊಂಡ.

ಎಣಿಕೆ ಮುಗಿದ ದಿನವೇ ಕಂಪನಿಯವರು ಹುಬ್ಬಳ್ಳಿಯಿಂದ ಡ್ರೋನ್ ಕಳಿಸಿ ಮೇಲಿನಿಂದ ತೆಗೆಸಿದ್ದ ಹೊಲದ ಫೋಟೋ ಎಂಟು ದಿನ ಕಳೆದ ಮೇಲೆ ಬಂತು. ಇನ್ನೂರು ಮಡಿಗಳೂ ಅದರಲ್ಲಿ ಅಂಗೈ ಗೆರೆಯಂತೆ ಕಾಣುತ್ತಿದ್ದವು. ಸಂಜೀವ ಫೋಟೋವನ್ನೂ ನಕ್ಷೆಯನ್ನೂ ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿ ರೇಣುವನ್ನು ಕರೆದ.

“ಒಂದನೇ ಸಾಲು ನೋಡು, ಸರಿ ಅದ. ಎರಡನೇದು ನೋಡು.”

ಎರಡನೆಯ ಸಾಲಿನಲ್ಲಿ ನಕ್ಷೆ ಕಂದು ತೋರಿಸಿದ ಕಡೆ ಫೋಟೋದಲ್ಲಿ ಗಿಡ ಹಸಿರಾಗಿ ನಿಂತಿದ್ದವು. ಹಸಿರು ತೋರಿಸಿದ ಕಡೆ ಮಣ್ಣು ಕಾಣುತ್ತಿತ್ತು. ಮೂರನೆಯ ಸಾಲು ಸರಿಯಿತ್ತು. ನಾಲ್ಕು ತಪ್ಪು. ಐದು ಸರಿ, ಆರು ತಪ್ಪು. ಹತ್ತರವರೆಗೂ ಹೀಗೆಯೇ.

“ಒಂದು ಸಾಲು ಎಣಿಸ್ತಾನ, ಒಂದು ಸಾಲು ಕುಂತು ಮನಸಿಗೆ ಬಂದದ್ದು ಬರೀತಾನ,” ಎಂದ ಸಂಜೀವ. “ಹತ್ತೊಂಬತ್ತು ವರ್ಷ ಹಿಂಗ ನಡದದ. ಯಾರೂ ತಿರುಗಿ ನೋಡಿಲ್ಲ.”

ರೇಣು ಕೋಡನ್ನು ಮತ್ತೆ ನೋಡಿದಳು. ಅದರಲ್ಲಿದ್ದುದು ಒಂದೇ ಗೆರೆ, ತಪ್ಪಲು ಜಾಗವೇ ಇರಲಿಲ್ಲ. ಅಂಕಿಗಳನ್ನು ವಹಿಯ ಜೊತೆ ಇಟ್ಟು ನೋಡಿದಳು, ಒಂದೂ ಬದಲಾಗಿರಲಿಲ್ಲ. ಯಂತ್ರ ತಪ್ಪಿದ್ದರೆ ಹತ್ತೂ ಸಾಲು ತಪ್ಪಬೇಕಿತ್ತು. ಒಂದು ಬಿಟ್ಟು ಒಂದು ಸಾಲು ತಪ್ಪುವುದು ದಣಿದ ಮನುಷ್ಯನ ಕೆಲಸದ ಹಾಗೆಯೇ ಕಂಡಿತು.

ಸಂಜೀವ ಸಿಟ್ಟಾಗಲಿಲ್ಲ. ಇದು ಹೈದರಾಬಾದಿಗೆ ಹೋದರೆ ವಿಚಾರಣೆಗೆ ಜನ ಬರುತ್ತಾರೆ, ಮಗಳನ್ನೂ ಕೇಳುತ್ತಾರೆ. ಅದಕ್ಕಿಂತ ಶಂಕ್ರೆಪ್ಪ ತಾನಾಗಿ ತಪ್ಪು ಒಪ್ಪಿ ಒಂದು ಚೀಟಿ ಬರೆದುಕೊಟ್ಟರೆ ಕಳೆ ಕೀಳುವ ಆಳಾಗಿ ಇಟ್ಟುಕೊಳ್ಳಬಹುದು ಎಂದ. ಏನು ಬರೆಯಬೇಕೆಂದು ತಾನೇ ಹೇಳಿದ. ರೇಣು ಬರೆದುಕೊಂಡಳು.

ಮನೆಯಲ್ಲಿ ಶಂಕ್ರೆಪ್ಪ ಬಾಬಾಸಾಹೇಬರ ಫೋಟೋದ ಕೆಳಗೆ ಗೋಡೆಗೆ ಒರಗಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ರೇಣು ಚಪ್ಪಲಿ ಬಿಟ್ಟವಳೇ ಅವನೆದುರು ಕೂತಳು.

“ಅಪ್ಪಾ, ಎಣಸೂಮುಂದ ನೀ ನಡುಕ ಕುಂದರತಿಯೇನು?”

“ಕುಂದರತೇನಿ. ಮೊಣಕಾಲ ಹಿಡಿತಾವಲ್ಲ. ಜಾಲಿ ಗಿಡದ ಬುಡಕ ಒಂದೀಟ ಕುಂತ ಏಳತೇನಿ.”

“ಸಾಲಿಗೊಮ್ಮಿ?”

“ಇಲ್ಲ, ಎರಡ ಸಾಲಿಗೊಮ್ಮಿ.”

ರೇಣುಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ. “ಹಂಗಾರ ಒಂದ ಸಾಲ ಎಣಸತಿದ್ದಿ, ಒಂದ ಸಾಲ ಕುಂತ ಬರೀತಿದ್ದಿ,” ಎಂದಳು.

ಶಂಕ್ರೆಪ್ಪ ಎಣ್ಣೆಯ ಕೈಯನ್ನು ಹಾಗೆಯೇ ಹಿಡಿದುಕೊಂಡು ಅವಳನ್ನು ನೋಡಿದ. “ಯಾರಂದ್ರ?”

“ಕಂಪ್ಯೂಟರಿನ್ಯಾಗ ಬಂದೈತಿ. ಫೋಟೋದಾಗೂ ಬಂದೈತಿ.”

“ಆ ಕಂಪ್ಯೂಟರಿನ ನಕ್ಷಾ ಮಾಡಿದಾಕಿ ನೀನ ಅಲ್ಲ?”

“ಹೂಂ.”

ಅವನು ಎಲ್ಲಾ ಮಡಿ ಎಣಿಸಿದ್ದೇನೆ ಎಂದು ಒಮ್ಮೆ ಹೇಳಿದ. ಎರಡನೆಯ ಸಲ ಹೇಳಲಿಲ್ಲ. ಬೇರೆ ಯಾರಾದರೂ ಮಾಡಿದ ನಕ್ಷೆಯಾಗಿದ್ದರೆ ಅದು ಸುಳ್ಳು ಎನ್ನಬಹುದಿತ್ತು. ಮಗಳು ಮಾಡಿದ್ದನ್ನು, ತಾನೇ ಚಹಾದಂಗಡಿಯಲ್ಲಿ ತೋರಿಸಿಕೊಂಡು ಬಂದದ್ದನ್ನು ಸುಳ್ಳೆನ್ನಲು ಅವನ ಬಾಯಿ ಏಳಲಿಲ್ಲ. ಸಾಹೇಬ ಕೇಳಿದ ಚೀಟಿಯ ಮಾತನ್ನು ರೇಣು ತಿಳಿಸಿದಾಗ ಸಾವಂತ್ರೆವ್ವ ಒಲೆಯ ಮುಂದಿನಿಂದಲೇ, ಹುಡುಗಿಯ ಕೆಲಸಕ್ಕೆ ಕುತ್ತು ತರಬೇಡ, ಸಾಹೇಬರು ಕಳೆ ತೆಗೆಯಲು ಇಟ್ಟುಕೊಳ್ಳುತ್ತೇನೆ ಅಂದಾರಲ್ಲ, ತಪ್ಪಾಯಿತು ಅಂದುಬಿಡು ಎಂದಳು. ರೇಣು ಚೀಟಿಯನ್ನು ತನ್ನ ಕೈಯಾರೆ ದುಂಡಗೆ ಬರೆದಳು. ‘ಕೆಲವು ಸಾಲುಗಳನ್ನು ಎಣಿಸದೆಯೇ ಬರೆದಿರುತ್ತೇನೆ. ಇದು ನನ್ನ ತಪ್ಪು ಇರುತ್ತದೆ.’ ಶಂಕ್ರೆಪ್ಪ ಅದನ್ನು ಓದಿಸಿಕೊಳ್ಳಲಿಲ್ಲ. ಅವಳು ಬೆರಳಿಟ್ಟ ಕಡೆ ಸಹಿ ಮಾಡಿದ.

ಮರುದಿನ ಬೆಳಿಗ್ಗೆ ಸಂಜೀವ ಆಳುಗಳನ್ನೆಲ್ಲ ಶೆಡ್ಡಿನ ಕೆಳಗೆ ನಿಲ್ಲಿಸಿ ಆ ಚೀಟಿ ಓದಿದ. ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದ. ತಾನೇ ಒಪ್ಪಿಕೊಂಡವನನ್ನು ಇಟ್ಟುಕೊಳ್ಳಲು ಕಂಪನಿಯ ನಿಯಮದಲ್ಲಿ ಅವಕಾಶವಿಲ್ಲ, ಇವತ್ತಿನಿಂದ ಶಂಕ್ರೆಪ್ಪ ಬರುವುದು ಬೇಡ ಎಂದ. ಶಂಕ್ರೆಪ್ಪ ಮಗಳ ಕಡೆ ನೋಡಿದ. ರೇಣು ಸಾಹೇಬನ ಕಡೆ ನೋಡಿದಳು. ಅವನು ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಪ್ಲಾಟು ಶುರುವಾದಾಗಿನಿಂದ ಅಲ್ಲಿ ಕೂಲಿ ಮಾಡುತ್ತಿದ್ದ ಶಟ್ಟೆವ್ವ ಕುಡುಗೋಲನ್ನು ನೆಲಕ್ಕೆ ಊರಿ ನಿಂತಿದ್ದಳು.

“ವಹಿ ಕೈಗೆ ಬಂದ ಮ್ಯಾಲ ನಮ್ಮ ಸಾಲಿನ್ಯಾಗ ಕುಂತ ರೊಟ್ಟಿ ತಿಂದಾಂವಲ್ಲ ಇಂವ,” ಎಂದಳು. “ನಾವ ಬಿಸಲಾಗ ಬೇಯತಿದ್ವಿ, ಇಂವ ನೆಳ್ಳಾಗ ಕುಂತ ಲೆಕ್ಕಾ ಹುಟ್ಟಸತಿದ್ದ ನೋಡ್ರಿ.”

ಇಬ್ಬರು ನಕ್ಕರು. ಸಂಜೀವ ವಹಿಯನ್ನು ಕಲ್ಮೇಶನಿಗೆ ಕೊಡಲು ಹೇಳಿದ. ಕಲ್ಮೇಶ ಎಣ್ಣೆ ಹೊಡೆಯುವವನು, ಶಂಕ್ರೆಪ್ಪನನ್ನು ಕಾಕಾ ಎಂದು ಕರೆಯುವವನು. ಅವನು ಕೈ ಮುಂದೆ ಮಾಡಲಿಲ್ಲವಾದ್ದರಿಂದ ಶಂಕ್ರೆಪ್ಪನೇ ವಹಿಯನ್ನು ಅವನ ಕಂಕುಳಲ್ಲಿ ಸಿಕ್ಕಿಸಿ, ಪೆನ್ಸಿಲನ್ನು ಕಿವಿಯ ಮೇಲಿನಿಂದ ತೆಗೆದು ಕೊಟ್ಟ. ಗೇಟಿನವರೆಗೆ ಅವನು ಕುಂಟದೆ ನಡೆದ.

ಎರಡನೆಯ ಎಣಿಕೆ ಹತ್ತು ದಿನದ ಮೇಲೆ ಬಂತು. ಕಲ್ಮೇಶ ಹೊಸಬ, ಜೊತೆಗೆ ನಿಂತು ನೋಡಿಕೋ ಎಂದು ಸಂಜೀವ ರೇಣುವನ್ನು ಹೊಲಕ್ಕೆ ಕಳಿಸಿದ. ಆಫೀಸು ಸೇರಿದ ಮೇಲೆ ಅವಳು ಮಡಿಗಳ ನಡುವೆ ಕಾಲಿಟ್ಟಿದ್ದು ಅದೇ ಮೊದಲು. ಕಲ್ಮೇಶ ಗೇಟಿನ ಕಡೆಯಿಂದ ಮೊದಲ ಸಾಲು ಹಿಡಿದ. ಬಗ್ಗಿ, ಮುಟ್ಟಿ, ಎಣಿಸಿ, ಬರೆದು ಮುಂದೆ ಹೋದ. ಇಪ್ಪತ್ತನೆಯ ಮಡಿ ಮುಗಿದಾಗ ಇಬ್ಬರೂ ಹಳ್ಳದ ದಂಡೆಯ ಜಾಲಿ ಗಿಡದ ಹತ್ತಿರ ಇದ್ದರು. ಕಲ್ಮೇಶ ಬೆವರೊರೆಸಿಕೊಂಡು ಅಲ್ಲೇ ಪಕ್ಕದ ಮಡಿಗೆ ದಾಟಿ ಬಗ್ಗಿದ.

“ಕಲ್ಮೇಶಣ್ಣ, ಎರಡನೇ ಸಾಲ ಗೇಟಿನ ಕಡೆಯಿಂದ ಸುರು ಆಕ್ಕೈತಿ,” ಎಂದಳು ರೇಣು.

“ಆ ತುದಿ ಗೇಟಿನ ಕಡೆ ಐತಿ, ಈ ತುದಿ ನನ್ನ ಕಾಲಾಗ ಐತಿ. ಬರಿಗೈಲೆ ಅಲ್ಲೀತನಕ ಹೋಗಿ ಮತ್ತ ಬರಾಕ ನನಗೇನ ಹುಚ್ಚ ಹಿಡದೈತೇನ್ರಿ ಬಾಯಾರ?” ಕಲ್ಮೇಶ ತಲೆಯೆತ್ತದೆ ನಕ್ಕ. “ಗಳೇ ಹೂಡಿದ ಎತ್ತ ಸೈತ ಹಂಗ ಮಾಡಂಗಿಲ್ಲ. ಸಾಲ ಮುಗದಲ್ಲೇ ತಿರಗತಾವ.”

ರೇಣು ಹಾಗೆಯೇ ನಿಂತಳು. “ಅಪ್ಪನೂ ಹಿಂಗ ಎಣಸತಿದ್ನೇನು?”

“ಮತ್ತ? ಹೊಲದಾಗ ಇನ್ನ ಹೆಂಗ ಅಡ್ಡಾಡತಾರ? ಕೃಷ್ಣಾಜಿ ಸಾಹೇಬ್ರೂ ನಕ್ಷಾ ಹಂಗ ತುಂಬತಿದ್ರಲ್ಲ, ಹೋಗತಾ ಒಂದ ಸಾಲ, ಬರತಾ ಒಂದ ಸಾಲ.”

ಅವನಿಗೆ ತಾನು ಹೇಳಿದ್ದು ಏನೆಂದು ತಿಳಿಯಲಿಲ್ಲ. ಹನ್ನೆರಡು ಎಂದು ಗೊಣಗಿ ಬರೆದುಕೊಂಡು ಮುಂದಿನ ಮಡಿಗೆ ಹೋದ.

ರೇಣು ಆಫೀಸಿಗೆ ಬಂದು ಅಪ್ಪನ ಹಳೆಯ ಪಟ್ಟಿ ತೆಗೆದಳು. ಚೌಕ ಮಾಡಿದ ಮೇಲೆ ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ, ಹತ್ತನೆಯ ಸಾಲನ್ನು ಹಿಂದುಮುಂದಾಗಿ ತಿರುಗಿಸಬೇಕು. ಅದಕ್ಕೆ ಇನ್ನೊಂದು ಗೆರೆ ಬರೆದಳು. ನಕ್ಷೆ ಬದಲಾಯಿತು. ಅದನ್ನು ಫೋಟೋದ ಮೇಲೆ ಇಟ್ಟಳು. ಕಂದಿನ ಮೇಲೆ ಕಂದು, ಹಸಿರಿನ ಮೇಲೆ ಹಸಿರು ಕೂತವು. ಏಳು ಒಣಗಿವೆ ಎಂದು ಅಪ್ಪ ಬರೆದ ಮಡಿಯನ್ನು ಹಿಗ್ಗಿಸಿ ಎಣಿಸಿದಳು, ಏಳಿದ್ದವು. ಹದಿನೇಳು ಎಂದಲ್ಲಿ ಹದಿನೇಳು. ಇನ್ನೂರರಲ್ಲಿ ಒಂದು ಮಡಿಯೂ ತಪ್ಪಿರಲಿಲ್ಲ.

ಅವಳು ಎರಡೂ ನಕ್ಷೆಗಳ ಪ್ರಿಂಟು ತೆಗೆದುಕೊಂಡು ಸಂಜೀವನ ಮೇಜಿನ ಮೇಲೆ ಇಟ್ಟು ಎಲ್ಲವನ್ನೂ ಹೇಳಿದಳು. ಅವನು ಅರ್ಧ ಕುಡಿದ ಚಹಾ ಬದಿಗಿಟ್ಟು ಗಮನವಿಟ್ಟು ಕೇಳಿದ. ಹಾಳೆಗಳನ್ನು ಬೆಳಕಿಗೆ ಹಿಡಿದು ಒಂದರ ಹಿಂದೊಂದು ಇಟ್ಟು ನೋಡಿದ. ಅವನಿಗೆ ಅರ್ಥವಾಯಿತೆಂದು ಅವಳಿಗೆ ಗೊತ್ತಾಯಿತು; ಅವಳು ಹೇಳಿ ಮುಗಿಸುವ ಮೊದಲೇ ಅರ್ಥವಾಗಿತ್ತು.

“ಹೊಸಾದು ಬರದಾಕಿ ಯಾರು?”

“ನಾನರಿ ಸರ.”

“ಮೊದಲಿಂದು?”

“ಅದೂ ನಾನ.”

“ಅಪ್ಪ ಹೆಂಗ ಅಡ್ಡಾಡ್ತಾನಂತ ಮಗಳಿಗೆ ಗೊತ್ತಿಲ್ಲ. ನಾ ಬೈಲಹೊಂಗಲದಾಂವ, ನನಗ ಹೆಂಗ ಗೊತ್ತಾಗಬೇಕು?”

ವರದಿ ಹೈದರಾಬಾದಿಗೆ ಹೋಗಿ ಹತ್ತು ದಿನವಾಗಿದೆ ಎಂದ ಸಂಜೀವ. ಹಳೆಯ ಲೆಕ್ಕದ ಲಬಾಡಿಯನ್ನು ಬಂದ ಮೂರು ತಿಂಗಳಲ್ಲೇ ಹಿಡಿದದ್ದಕ್ಕೆ ಅಲ್ಲಿಂದ ಶಾಬ್ಬಾಸ್ ಎಂದು ಪತ್ರವೂ ಬಂದಿತ್ತು. ಅದನ್ನು ಅವನು ಹೇಳಲಿಲ್ಲ. ಅದು ಮೇಜಿನ ಗಾಜಿನ ಕೆಳಗೆ ಇತ್ತು.

“ಈಗ ನಾ ಏನಂತ ಬರೀಲಿ, ನೀನ ಹೇಳು,” ಎಂದ. “ನಕ್ಷೆ ತಪ್ಪು ಮಾಡಿದಾಕಿ ಮಗಳು. ತಪ್ಪೊಪ್ಪಿಗೆ ಬರದಾಕಿನೂ ಮಗಳು, ಅಕ್ಷರ ನಿಂದ ಅದ. ಸಹಿ ಅಪ್ಪಂದು. ಓದಿದವರು ಅವನ್ನ ತಿರುಗಿ ಕರಸ್ತಾರಂತ ತಿಳಕೊಂಡೀಯೇನು? ನಿನ್ನನೂ ತಗೀತಾರ. ನಿಮ್ಮ ಓಣ್ಯಾಗ ಆಫೀಸಿನ ಕುರ್ಚಿ ಮ್ಯಾಲ ಕುಂತಾಕಿ ನೀ ಒಬ್ಬಾಕಿ. ವಿಚಾರ ಮಾಡು.”

ಅಪ್ಪನನ್ನು ಕಳೆ ತೆಗೆಯುವುದಕ್ಕಾದರೂ ತೆಗೆದುಕೊಳ್ಳಿ ಎಂದು ಅವಳು ಕೇಳಿದಳು. ಲಬಾಡಿ ಮಾಡಿದವನೆಂದು ಎಲ್ಲರ ಮುಂದೆ ಓದಿದ ಮೇಲೆ ಹೇಗೆ ತೆಗೆದುಕೊಳ್ಳಲಿ, ಉಳಿದ ಆಳುಗಳು ಏನಂದಾರು ಎಂದು ಅವನು ಕೇಳಿದ. ಮಾರ್ಚಿಗೆ ನಿನ್ನ ಕಾಗದ ನಾನು ಬರೆದುಕೊಡುತ್ತೇನೆ, ಅದರ ಚಿಂತೆ ಬೇಡ ಎಂದ. ಕಲ್ಮೇಶನ ಪಟ್ಟಿಯನ್ನು ಹೊಸ ಕೋಡಿನಲ್ಲೇ ಹಾಕು, ಹಳೆಯದನ್ನು ಅಳಿಸಿಬಿಡು ಎಂದ. ಎರಡು ಪ್ರಿಂಟುಗಳಲ್ಲಿ ಸರಿಯಾದುದನ್ನು ಹರಿದು ಬುಟ್ಟಿಗೆ ಹಾಕಿ, ತಪ್ಪಿನದನ್ನು ಫೈಲಿನಲ್ಲಿ ಸೇರಿಸಿದ.

ರೇಣು ತನ್ನ ಕುರ್ಚಿಗೆ ಬಂದು ಕೂತಳು. ಮಧ್ಯಾಹ್ನ ಕಲ್ಮೇಶ ವಹಿ ತಂದುಕೊಟ್ಟ. ಅವಳು ಇನ್ನೂರು ಅಂಕಿ ಟೈಪು ಮಾಡಿದಳು, ಮಡಚಿದಳು, ಒಂದು ಬಿಟ್ಟು ಒಂದು ಸಾಲನ್ನು ತಿರುಗಿಸಿದಳು. ನಕ್ಷೆ ಸರಿಯಾಗಿ ಬಂತು. ಹಳೆಯ ಕೋಡನ್ನು ಅಳಿಸಿದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಶಂಕ್ರೆಪ್ಪ ಒಳಗೆ ಕೂತಿದ್ದ. ಹತ್ತು ದಿನದಿಂದ ಅವನು ಬಸ್ ಸ್ಟ್ಯಾಂಡಿನ ಕಡೆ ಹೋಗಿರಲಿಲ್ಲ. ಅವತ್ತು ಬೆಳಿಗ್ಗೆ ಒಲೆಗೆ ಸಗಣಿ ಕುಳ್ಳು ಎಷ್ಟಿವೆ ಎಣಿಸಿ ಹೇಳು ಎಂದು ಕೇಳಿದರೆ, ನನಗೆ ಹೇಳಬೇಡ, ನೀನೇ ಎಣಿಸಿಕೋ ಎಂದು ಮುಖ ತಿರುಗಿಸಿದನೆಂದು ಸಾವಂತ್ರೆವ್ವ ಹೇಳಿದಳು. ರೇಣು ಕೈಕಾಲು ತೊಳೆದುಕೊಂಡು ಅವನ ಹತ್ತಿರ ಕೂತಳು. ಹೇಳಬೇಕೆಂದೇ ಕೂತಳು. ಅಷ್ಟರಲ್ಲಿ ಅವನೇ ಬಾಯಿ ತೆರೆದ.

“ರೇಣು, ಯಾವ್ಯಾವ ಸಾಲ ತಪ್ಪಿದ್ವು? ನನಗ ಯಾರೂ ಹೇಳಲೇ ಇಲ್ಲ.”

ಅವಳು ತಾಯಿಯ ಕಡೆ ನೋಡಿದಳು. ಸಾವಂತ್ರೆವ್ವ ಹಿಟ್ಟು ನಾದುತ್ತಿದ್ದಳು. ಮಾರ್ಚಿಗೆ ಇನ್ನು ಒಂದೂವರೆ ತಿಂಗಳಿತ್ತು.

“ಎರಡು, ನಾಕು, ಆರು, ಎಂಟು, ಹತ್ತು,” ಎಂದಳು.

ಶಂಕ್ರೆಪ್ಪ ಅವುಗಳನ್ನು ಬೆರಳು ಮಡಚಿ ಹಿಡಿದುಕೊಂಡ. ಮುಖ ಗಂಟಿಕ್ಕಿ ಬಹಳ ಹೊತ್ತು ನೆಲ ನೋಡಿದ. ಆಮೇಲೆ ಗಂಟು ಸಡಿಲವಾಯಿತು.

“ಎಲ್ಲಾ ಬರೂ ಸಾಲ ಅವು,” ಎಂದ. “ಹಳ್ಳದಿಂದ ಗೇಟಿನ ಕಡೆ ಬರೂವು. ಹೊತ್ತ ಇಳದ ಮ್ಯಾಲ ಬಿಸಲ ಎದರಿಗೆ ಕಣ್ಣಿಗೇ ಹೊಡೀತಿತ್ತ. ನನ್ನ ಕಣ್ಣ ಹೋಗ್ಯಾವ, ರೇಣು. ಹಸರ ಇದ್ದದ್ದು ಒಣಗಿದಂಗ ಕಂಡೈತಿ, ಒಣಗಿದ್ದು ಹಸರ ಕಂಡೈತಿ. ನಾ ಕುಂತ ಬರದಿಲ್ಲ. ಎಣಸೇನಿ, ಆದರ ಕಾಣದ ಎಣಸೇನಿ. ಹಂಗ ಅಲ್ಲ?”

ಅವನು ಅವಳ ಉತ್ತರಕ್ಕೆ ಕಾಯುತ್ತಿದ್ದ. ಸುಳ್ಳುಗಾರನಾಗದೆ ಕುರುಡನಾಗಿ ಉಳಿಯುವುದಕ್ಕೆ ಮಗಳ ಒಪ್ಪಿಗೆ ಬೇಕಿತ್ತು.

“ಹೂಂ,” ಎಂದಳು ರೇಣು. “ಹಂಗ ಇರಬೇಕು.”

ಕಣ್ಣಿನ ಕ್ಯಾಂಪು ರಾಮದುರ್ಗದಲ್ಲಿ ಯಾವಾಗ ನಡೆಯುತ್ತದೆ ಕೇಳಿಕೊಂಡು ಬಾ ಎಂದು ಸಾವಂತ್ರೆವ್ವ ಮಗಳಿಗೆ ಹೇಳಿದಳು. ಶಂಕ್ರೆಪ್ಪ, ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾಲು ಹೀಗೆ ಬರೆದಿದ್ದೇನೋ, ಕೃಷ್ಣಾಜಿ ಸಾಹೇಬರು ಪಾಪ ನಂಬಿಕೊಂಡು ಹೋದರು ಎಂದ. ಹಿತ್ತಲಿಗೆ ಹೋಗಬೇಕೆಂದು ಎದ್ದ. ಬಾಗಿಲಿನಿಂದ ಬಿಸಿಲು ಒಲೆಯವರೆಗೆ ಬಿದ್ದಿತ್ತು. ನೆಲದ ಮೇಲೆ ಹರಿಯುವ ಇರುವೆ ಕೂಡ ಕಾಣುವಷ್ಟು ಬೆಳಕು. ಅವನು ಒಂದು ಕೈಯನ್ನು ಗೋಡೆಗೆ ಹಚ್ಚಿ, ಹೊಸ್ತಿಲನ್ನು ಪಾದದಿಂದ ಹುಡುಕಿಕೊಂಡು, ತಡವರಿಸುತ್ತ ಹೊರಗೆ ಹೋದ.